ಹುಳುಮನೆಯ ಕಿಟಕಿ, ಗಣಕದ ಪಂಖ

ಮೈಸೂರಿನಿಂದ ಪೂರ್ವಕ್ಕೆ ಹೊರಟು, ತಿರುಮಕೂಡಲು ನರಸೀಪುರದ ಸಂಗಮವನ್ನು ದಾಟಿ ಸುಮಾರು 60 ಕಿ.ಮೀ. ಬಂದರೆ ಕೊಳ್ಳೇಗಾಲ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಊರು ಇದು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ಜಿಲ್ಲೆಗೆ ಬಂತು. 1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾದಾಗ ಅದರ ಪಾಲಾಯಿತು. ಗಡಿಗಳು ಇಷ್ಟೆಲ್ಲ ಸರಿದಾಡಿದರೂ ಇಲ್ಲಿ ನೆಲೆನಿಂತದ್ದು ರೇಷ್ಮೆ. ಊರೊಳಗೆ ಮಗ್ಗದ ಸದ್ದು, ಊರಾಚೆ ಹಿಪ್ಪುನೇರಳೆ ತೋಟ, ತೋಟದ ಮಗ್ಗುಲಲ್ಲಿ ಹುಳು ಸಾಕುವ ಮನೆ.

ಈಚಿನ ವರ್ಷಗಳಲ್ಲಿ ಈ ಸೀಮೆಯ ಮನೆಗಳಿಗೆ ಇನ್ನೊಂದು ವಸ್ತು ಬಂದು ಕುಳಿತಿದೆ. ಅದು ಗಣಕ, ಅಂದರೆ ಕಂಪ್ಯೂಟರು. ಮಗಳು ಡಿಪ್ಲೊಮಾ ಸೇರಿದಳೆಂದೋ, ಮಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತೆಂದೋ, ಒಂದು ಬೆಳೆ ಗೂಡು ಮಾರಿದ ಹಣವನ್ನೆಲ್ಲ ಸುರಿದು ತಂದೆತಾಯಿ ಇದನ್ನು ತರುತ್ತಾರೆ. ಮಾರ್ಚ್ ಕಳೆಯುತ್ತಿದ್ದಂತೆ ತೊಂದರೆ ಶುರು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಹೋಯ್ ಎಂದು ಕೂಗಲಾರಂಭಿಸುತ್ತದೆ, ಆಮೆಯಂತೆ ನಿಧಾನವಾಗುತ್ತದೆ, ಕೆಲವೊಮ್ಮೆ ತಾನಾಗಿಯೇ ಆರಿಹೋಗುತ್ತದೆ. ಆಗ ಪೋಷಕರು ಕೇಳುವ ಪ್ರಶ್ನೆ ಒಂದೇ: “ಮೇಷ್ಟ್ರೇ, ಇನ್ನೊಂದು ಫ್ಯಾನು ಹಾಕ್ಸಿಬುಡ್ಲಾ?”

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಕೊಳ್ಳೇಗಾಲ, ಯಳಂದೂರು, ಹನೂರು ತಾಲ್ಲೂಕುಗಳನ್ನು ಒಂದು ಸುತ್ತು ಹಾಕಿ ಬರೋಣ. ಉತ್ತರದ ಅರ್ಧ ಭಾಗ ಇಲ್ಲಿನ ರೈತರಿಗೆ ಆಗಲೇ ಗೊತ್ತಿದೆ.

ಚಾಕಿಯಿಂದ ಹಣ್ಣಾಗುವವರೆಗೆ

ಕೊಳ್ಳೇಗಾಲದ ಸುತ್ತಿನ ಯಾವ ಹಳ್ಳಿಯ ಹುಳುಮನೆಗೆ ಹೋದರೂ ಮೊದಲು ಗಮನಿಸಬೇಕಾದದ್ದು ಗೋಡೆಯನ್ನು. ಕೆಳಗೆ ನೆಲದ ಮಟ್ಟಕ್ಕೆ ಸಣ್ಣ ಗವಾಕ್ಷಿಗಳು, ನಡುವೆ ಕಿಟಕಿ, ಮೇಲೆ ಸೂರಿನ ಅಂಚಿಗೆ ಮತ್ತೆ ಗವಾಕ್ಷಿಗಳು. ತಂಪು ಗಾಳಿ ಕೆಳಗಿನಿಂದ ಬಂದು, ತಟ್ಟೆಗಳ ನಡುವೆ ಹಾದು, ಬಿಸಿಯಾಗಿ ಮೇಲಿನಿಂದ ಹೊರಗೆ ಹೋಗಬೇಕು. ಹೀಗೇಕೆ ಎಂದು ಕೇಳಿದಾಗ ಒಬ್ಬ ಹಿರಿಯ ರೈತರು ಕೊಟ್ಟ ಉತ್ತರ ಇದು: “ಗಾಳಿ ಬಂದ್ರ ಸಾಲ್ದು ಸಾ, ಓಗಕ್ಕೂ ದಾರಿ ಬೇಕಲ್ವಾ?”

ಇನ್ನೊಂದು ಸಂಗತಿಯಿದೆ. ಈ ಕಿಟಕಿಗಳು ಬೆಳೆಯುದ್ದಕ್ಕೂ ಒಂದೇ ರೀತಿ ತೆರೆದಿರುವುದಿಲ್ಲ. ಚಾಕಿ ಹುಳುವಿಗೆ, ಅಂದರೆ ಮೊದಲೆರಡು ಹಂತದ ಎಳೆಯ ಹುಳುವಿಗೆ, 27-28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ವಾತಾವರಣ, ಶೇ. 80ಕ್ಕೂ ಮಿಕ್ಕಿದ ತೇವಾಂಶ ಬೇಕು. ಆಗ ತಟ್ಟೆಗೆ ಪ್ಯಾರಾಫಿನ್ ಕಾಗದ ಹೊದಿಸಿ ಕಾಪಾಡುತ್ತಾರೆ. ಒಂದೊಂದು ಜ್ವರ ಕಳೆದಂತೆ ಹೊದಿಕೆ ಸರಿಯುತ್ತದೆ, ಕಿಟಕಿ ತೆರೆಯುತ್ತದೆ. ನಾಲ್ಕನೇ ಜ್ವರದಿಂದ ಎದ್ದ ಐದನೇ ಹಂತದ ಹುಳುವಿಗೆ 23-24 ಡಿಗ್ರಿ ಸಾಕು. ಆದರೆ ಗಾಳಿಯಾಟ ಚೆನ್ನಾಗಿರಲೇಬೇಕು. ಒಂದು ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ತಿನ್ನುವುದು ಈ ಕೊನೆಯ ಏಳೆಂಟು ದಿನಗಳಲ್ಲೇ. ನೂರು ಮೊಟ್ಟೆ ಸಾಕಿದವರ ಮನೆಯಲ್ಲಿ ಸುಮಾರು 40ರಿಂದ 50 ಸಾವಿರ ಹುಳು ಒಟ್ಟಿಗೆ ಮೇಯುತ್ತಿರುತ್ತವೆ. ಅವುಗಳ ಉಸಿರು, ಹಿಕ್ಕೆ, ಸೊಪ್ಪಿನ ನೀರು, ಇವೆಲ್ಲ ಸೇರಿ ಮನೆ ಬೇಯತೊಡಗುತ್ತದೆ. ಅಲ್ಲಿ ಒಂದು ದಿನ ಗಾಳಿ ಕಟ್ಟಿದರೆ ಸಪ್ಪೆ ರೋಗಕ್ಕೆ ದಾರಿಯಾಗುತ್ತದೆ, ಒಂದು ಬೆಳೆಯ ದುಡಿಮೆ ಗುಂಡಿ ಸೇರುತ್ತದೆ.

ಎರಡು ಪಾಠಗಳು ಇಲ್ಲೇ ಸಿಕ್ಕವು. ಒಂದು, ಗಾಳಿಗೆ ಬರುವ ದಾರಿಯೂ ಹೋಗುವ ದಾರಿಯೂ ಇರಬೇಕು. ಎರಡು, ಗಾಳಿಯಾಟ ಹುಳುವಿನ ಮೇವಿಗೆ ತಕ್ಕಂತೆ ಹೆಚ್ಚಬೇಕು, ತಗ್ಗಬೇಕು. ಗಣಕದ ಪೆಟ್ಟಿಗೆಯೊಳಗೆ ಪಂಖಗಳನ್ನು ಕೂರಿಸುವವರು ಮಾಡುವ ಲೆಕ್ಕವೂ ಇದೇ.

ವಿದ್ಯುತ್ತೆಲ್ಲ ಶಾಖವಾಗಿ

ಕೊಳ್ಳೇಗಾಲದ ಉತ್ತರಕ್ಕೆ ಕಾವೇರಿ. ಭರಚುಕ್ಕಿ ನೋಡಲು ಹೋದವರಿಗೆಲ್ಲ ಶಿವನಸಮುದ್ರದ ಹೆಸರು ಪರಿಚಿತ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳಿಗೆ ತಲುಪಿತು. ಗಣಿಯಲ್ಲಿ ಆ ವಿದ್ಯುತ್ತು ಭಾರ ಎತ್ತಿತು, ಯಂತ್ರ ತಿರುಗಿಸಿತು. ಗಣಕ ಯಾವ ಭಾರವನ್ನೂ ಎತ್ತುವುದಿಲ್ಲ. ಅದು ಕೂಡುತ್ತದೆ, ಕಳೆಯುತ್ತದೆ, ಚಿತ್ರ ಬಿಡಿಸುತ್ತದೆ. ಹಾಗಾದರೆ ಅದರೊಳಗೆ ಹೋದ ವಿದ್ಯುತ್ತು ಏನಾಗುತ್ತದೆ? ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗುತ್ತದೆ. 200 ವಾಟ್ ಬಳಸುವ ಗಣಕ ಎಂದರೆ ಮುಚ್ಚಿದ ಪೆಟ್ಟಿಗೆಯೊಳಗೆ 100 ವಾಟಿನ ಎರಡು ಹಳೆಯ ಬಲ್ಬು ಉರಿದಂತೆ.

ಮೊದಲಿನ ಗಣಕಗಳಿಗೆ ಈ ಚಿಂತೆ ಅಷ್ಟಿರಲಿಲ್ಲ. 1981ರ ಐಬಿಎಂ ಪಿಸಿಯಲ್ಲಿ ಪಂಖವಿದ್ದದ್ದು ವಿದ್ಯುತ್ ಪೂರೈಕೆಯ ಡಬ್ಬಿಯಲ್ಲಿ ಮಾತ್ರ. 1993ರಲ್ಲಿ ಬಂದ ಪೆಂಟಿಯಂ ಸಂಸ್ಕಾರಕ ಸುಮಾರು 15 ವಾಟ್ ಬಳಸಿ, ತಲೆಯ ಮೇಲೆ ಲೋಹದ ರೆಕ್ಕೆಗಳನ್ನೂ ಪಂಖವನ್ನೂ ಬೇಡಿತು. ಇಂದಿನ ಸಾಧಾರಣ ಡೆಸ್ಕ್‌ಟಾಪ್ ಸಂಸ್ಕಾರಕದ ಲೆಕ್ಕವೇ 65 ವಾಟ್; ಭಾರವಾದ ಕೆಲಸ ಬಿದ್ದಾಗ ಅದನ್ನೂ ಮೀರುತ್ತದೆ. ಅಂಗುಲದಷ್ಟಗಲದ ಚಿಪ್ಪಿನಲ್ಲಿ ಇಷ್ಟು ಶಾಖ! ಅದು ನೂರು ಡಿಗ್ರಿಯ ಸುಮಾರಿಗೆ ಬಂದಾಗ ಸಂಸ್ಕಾರಕ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ; ಅದೂ ಸಾಲದಾದರೆ ಆರಿಹೋಗುತ್ತದೆ. ತಂದೆತಾಯಿ ಕಾಣುವ ಆಮೆನಡಿಗೆಗೆ ಕಾರಣ ಹಲವೊಮ್ಮೆ ಇದೇ.

ಈಗ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. ಕೊಳ್ಳೇಗಾಲ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಒಂದು ಲೀಟರ್ ಗಾಳಿ 1 ಡಿಗ್ರಿ ಬಿಸಿಯಾಗಲು ಸುಮಾರು 1.1 ಜೂಲ್ ಶಾಖ ಸಾಕು. ಪೆಟ್ಟಿಗೆಯಿಂದ ಹೊರಬರುವ ಗಾಳಿ ಒಳಹೋದ ಗಾಳಿಗಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದಿಟ್ಟುಕೊಳ್ಳೋಣ. ಆಗ 200ನ್ನು 11ರಿಂದ ಭಾಗಿಸಿ: ಸೆಕೆಂಡಿಗೆ ಸುಮಾರು 18 ಲೀಟರ್ ಗಾಳಿ ಹಾಯಬೇಕು. ಗಾಳಿಯನ್ನು ಇಮ್ಮಡಿಗೊಳಿಸಿದರೆ ಏರಿಕೆ 5 ಡಿಗ್ರಿಗೆ ಇಳಿಯುತ್ತದೆ. ಮತ್ತೆ ಇಮ್ಮಡಿಗೊಳಿಸಿದರೆ ಎರಡೂವರೆ ಡಿಗ್ರಿ. ಮೊದಲ ಸಲ 5 ಡಿಗ್ರಿ ಲಾಭ, ಎರಡನೆಯ ಸಲ ಎರಡೂವರೆ ಮಾತ್ರ. ಪಂಖದ ಮೇಲೆ ಪಂಖ ಹಾಕಿಸುತ್ತ ಹೋದರೆ ಖರ್ಚು ಏರುತ್ತದೆ, ಲಾಭ ಇಳಿಯುತ್ತದೆ. ಎಷ್ಟೇ ಪಂಖ ತಿರುಗಿದರೂ ಪೆಟ್ಟಿಗೆಯ ಒಳಗು ಕೋಣೆಗಿಂತ ತಂಪಾಗದು ಎಂಬುದೂ ಈ ಲೆಕ್ಕದಿಂದಲೇ ತಿಳಿಯುತ್ತದೆ.

ಯಳಂದೂರಿನ ತೊಟ್ಟಿ, ಬೆಟ್ಟದ ಗಾಳಿ

ಕೊಯಮತ್ತೂರಿನ ಹೆದ್ದಾರಿ ಹಿಡಿದು 15-16 ಕಿ.ಮೀ. ಬಂದರೆ ಯಳಂದೂರು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಗೌರೀಶ್ವರ ದೇವಾಲಯದ ಬಳೆ ಮಂಟಪದಲ್ಲಿ ಕಲ್ಲಿನಲ್ಲೇ ಕಡೆದ ಸರಪಳಿಯ ಬಳೆಗಳನ್ನು ನೋಡಲು ಜನ ಬರುತ್ತಾರೆ. ಪಕ್ಕದ ಮಾಂಬಳ್ಳಿಯಲ್ಲಿ ರೇಷ್ಮೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ನಡೆದದ್ದು ಹಿರಿಯರಿಗೆ ನೆನಪಿದೆ.

ಈ ಕಡೆಯ ಹಳೆಯ ತೊಟ್ಟಿಮನೆಗಳಲ್ಲಿ ಬೇಸಿಗೆಯ ಮಧ್ಯಾಹ್ನ ಕುಳಿತವರಿಗೆ ಗೊತ್ತು, ನಡುಮನೆಯಲ್ಲಿ ಒಂದು ತಣ್ಣನೆಯ ಸುಳಿ ಇರುತ್ತದೆ. ಬಿಸಿಯಾದ ಗಾಳಿ ತೊಟ್ಟಿಯ ಬಾಯಿಂದ ಮೇಲೇರುತ್ತದೆ. ಆ ಜಾಗ ತುಂಬಲು ಬಾಗಿಲಿಂದ ಗಾಳಿ ಒಳಗೆ ಬರುತ್ತದೆ. ಗಣಕದಲ್ಲೂ ಮುಂಭಾಗದ ಕೆಳಗಿನಿಂದ ಗಾಳಿ ಎಳೆದು ಹಿಂಭಾಗದ ಮೇಲಿನಿಂದ ಹೊರಗೆ ತಳ್ಳುವ ಪದ್ಧತಿ ರೂಢಿಯಲ್ಲಿದೆ. ಆ ಸಣ್ಣ ಪೆಟ್ಟಿಗೆಯಲ್ಲಿ ಬಿಸಿಗಾಳಿ ತಾನಾಗಿ ಏರುವ ಬಲ ಕಡಿಮೆ, ಪಂಖದ್ದೇ ಮುಖ್ಯ ಬಲ; ಆದರೂ ಎರಡೂ ಒಂದೇ ದಿಕ್ಕಿಗಿದ್ದರೆ ಒಳ್ಳೆಯದು. ಮುಂದಿನ ಪಂಖವೂ ಹಿಂದಿನ ಪಂಖವೂ ಎದುರುಬದುರಾಗಿ ಒಳಕ್ಕೇ ಊದಿದರೆ, ಬಾಗಿಲಲ್ಲಿ ಇಬ್ಬರು ಢಿಕ್ಕಿ ಹೊಡೆದಂತೆ. ಗಾಳಿ ಬೇಕಾದ ಕಡೆಗೆ ಹರಿಯುವುದಿಲ್ಲ.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ರಸ್ತೆ ಏರುತ್ತದೆ. ರಂಗನಾಥಸ್ವಾಮಿಯ ಗುಡಿ ಇರುವುದು ಸುಮಾರು 1500 ಮೀಟರ್ ಎತ್ತರದಲ್ಲಿ. ಏರಿದಂತೆ ಗಾಳಿ ತೆಳುವಾಗುತ್ತದೆ. ಮೇಲೆ ಒಂದು ಲೀಟರ್ ಗಾಳಿ 1 ಡಿಗ್ರಿಗೆ ಸುಮಾರು 1 ಜೂಲ್ ಅಷ್ಟೇ ಹೊರಬಲ್ಲದು. ಕೆಳಗೆ 10 ಡಿಗ್ರಿ ಏರಿಕೆ ಕೊಟ್ಟ ಅದೇ ಪಂಖ ಅದೇ ವೇಗದಲ್ಲಿ ಬೆಟ್ಟದ ಮೇಲೆ 11 ಡಿಗ್ರಿ ಏರಿಕೆ ಕೊಡುತ್ತದೆ. ಆದರೆ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಬೆಟ್ಟದ ಗಾಳಿ ಕೊಳ್ಳೇಗಾಲಕ್ಕಿಂತ 6 ಡಿಗ್ರಿ ತಂಪು. ಒಂದು ಕಳೆದು ಆರು ಸಿಕ್ಕಿತು. ಪಂಖ ಕೆಲಸ ಶುರುಮಾಡುವುದು ಕೋಣೆಯ ಗಾಳಿಯಿಂದ. ಆ ಕೋಣೆ ಎಂಥದು ಎಂಬುದನ್ನು ಮೊದಲು ನೋಡಬೇಕು.

ಹನೂರಿನ ಕೆಂಧೂಳು

ಕೊಳ್ಳೇಗಾಲಕ್ಕೆ ಹಿಂತಿರುಗಿ ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಸುಮಾರು 25 ಕಿ.ಮೀ. ಹೋದರೆ ಹನೂರು. 2017ರ ರಾಜ್ಯ ಬಜೆಟ್ಟಿನಲ್ಲಿ ಹೊಸ ತಾಲ್ಲೂಕೆಂದು ಘೋಷಣೆಯಾದ ಊರು. ಮಾದಪ್ಪನ ಪರಿಷೆಗೆ ಹೊರಟ ಭಕ್ತರು, ಬಸ್ಸುಗಳು, ರಾಗಿ, ಮುಸುಕಿನ ಜೋಳ, ಒಣ ಬೇಸಾಯದ ಕೆಂಪು ನೆಲ. ಬೇಸಿಗೆಯಲ್ಲಿ ಬಿಸಿಲು 35 ಡಿಗ್ರಿ ದಾಟುತ್ತದೆ; ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ.

2001ರ ಮಾಹಿತಿ ಸಿಂಧು ಯೋಜನೆಯ ಕಾಲದಿಂದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಗಳು ಬರತೊಡಗಿದವು. ಈ ಭಾಗದ ಒಂದು ಶಾಲೆಯಲ್ಲಿ ಕಂಡ ದೃಶ್ಯ ಇದು. ಧೂಳು ಬರುತ್ತದೆಂದು ಗಣಕದ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಪೆಟ್ಟಿಗೆಗಳನ್ನು ಮೇಜಿನ ಕೆಳಗಿನ ಮರದ ಗೂಡಿನೊಳಗೆ ಗೋಡೆಗೆ ಒತ್ತಿ ಇಟ್ಟಿದ್ದರು. ಮಧ್ಯಾಹ್ನದ ತರಗತಿಯಲ್ಲಿ ಒಂದಾದ ಮೇಲೊಂದು ಯಂತ್ರ ಆರುತ್ತಿತ್ತು. ರಿಪೇರಿಗೆ ಬಂದವರು ಯಂತ್ರ ಹಳೆಯದಾಯಿತು, ಹೊಸದು ತರಿಸಿ ಎಂದಿದ್ದರು. ದುಃಖದ ಸಂಗತಿಯೆಂದರೆ ಮಕ್ಕಳು ತಪ್ಪನ್ನು ತಮ್ಮ ಮೇಲೇ ಹಾಕಿಕೊಂಡಿದ್ದರು. ತಾನು ಏನೋ ಒತ್ತಿಬಿಟ್ಟೆ, ಅದಕ್ಕೇ ಕೆಟ್ಟಿತು ಎಂದು ಹೆದರಿದ ಒಬ್ಬ ಹುಡುಗಿ ವಾರಗಟ್ಟಲೆ ಕೀಲಿಮಣೆ ಮುಟ್ಟಿರಲಿಲ್ಲ.

ಪೆಟ್ಟಿಗೆ ಬಿಚ್ಚಿ ತೋರಿಸಿದಾಗ ಸಂಸ್ಕಾರಕದ ಮೇಲಿನ ಲೋಹದ ರೆಕ್ಕೆಗಳ ನಡುವೆ ಕೆಂಧೂಳಿನ ಕಂಬಳಿಯೇ ಹಾಸಿತ್ತು. ಮುಂದಿನ ಜಾಲರಿ ಕಟ್ಟಿಹೋಗಿತ್ತು. ಹಿಂದಿನ ಪಂಖ ಊದಿದ ಬಿಸಿಗಾಳಿ ಮರದ ಗೂಡಿನಲ್ಲೇ ಸುತ್ತಿ ಮತ್ತೆ ಮುಂದಿನಿಂದ ಒಳಕ್ಕೆ ಹೋಗುತ್ತಿತ್ತು. ಇಣುಕಿ ನೋಡಿದ ಆ ಹುಡುಗಿಯ ಮನೆಯಲ್ಲಿ ಹುಳು ಸಾಕುತ್ತಾರೆ. ಅವಳು ಕೇಳಿದ್ದು ಇಷ್ಟೇ: “ಇದ್ಕ ಗಾಳಿ ಓಗಕ್ಕ ದಾರೀನೇ ಇಲ್ವಲ್ಲ ಸಾ?”

ಧೂಳು ತೆಗೆದು, ಗೂಡಿನಿಂದ ಪೆಟ್ಟಿಗೆ ಹೊರಗಿಟ್ಟು, ಗೋಡೆಯಿಂದ ಒಂದು ಗೇಣು ದೂರ ಸರಿಸಿದ್ದಾಯಿತು. ಒಂದು ಪಂಖವನ್ನೂ ಕೊಳ್ಳಲಿಲ್ಲ. ನೂರರ ಹತ್ತಿರ ಮುಟ್ಟುತ್ತಿದ್ದ ಉಷ್ಣತೆ ಎಪ್ಪತ್ತರ ಆಸುಪಾಸಿಗೆ ಇಳಿಯಿತು. ಹುಡುಗಿ ಮತ್ತೆ ಕೀಲಿಮಣೆಯ ಮುಂದೆ ಕುಳಿತಳು.

ಹಾಗಾದರೆ ಧೂಳಿಗೆ ಏನು ಮಾಡಬೇಕು? ಇಲ್ಲೂ ಹುಳುಮನೆಯೇ ಪಾಠಶಾಲೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿದಾಗ ಅವರು ಕಿಟಕಿ ಮುಚ್ಚಲಿಲ್ಲ, ನೈಲಾನ್ ಬಲೆ ಕಟ್ಟಿದರು. ನೊಣ ಹೊರಗೆ, ಗಾಳಿ ಒಳಗೆ. ಬಲೆಗೆ ಕಸ ಹತ್ತಿದರೆ ಗಾಳಿ ನಿಲ್ಲುತ್ತದೆಂದು ಆಗಾಗ ಅದನ್ನು ಒದರುತ್ತಾರೆ. ಗಣಕದ ಮುಂಭಾಗದ ಜಾಲರಿಯೂ ಅಂಥದೇ ಬಲೆ. ಒಳಗೆಳೆಯುವ ಪಂಖಗಳ ಗಾಳಿ ಹೊರದೂಡುವ ಪಂಖಗಳ ಗಾಳಿಗಿಂತ ತುಸು ಹೆಚ್ಚಿದ್ದರೆ ಪೆಟ್ಟಿಗೆಯೊಳಗಿನ ಒತ್ತಡ ಹೊರಗಿಗಿಂತ ಕೊಂಚ ಹೆಚ್ಚಿರುತ್ತದೆ. ಆಗ ಸಂದುಗೊಂದುಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಧೂಳು ಒಳಗೆ ಬರುವುದಿಲ್ಲ. ಹೊರದೂಡುವುದೇ ಹೆಚ್ಚಾದರೆ ಪ್ರತಿ ಸಂದಿಯೂ ಧೂಳು ಹೀರುತ್ತದೆ. ಹನೂರಿನಂಥ ಊರಿಗೆ ಮುಂದೆ ಎರಡು, ಹಿಂದೆ ಒಂದು ಪಂಖ ಒಳ್ಳೆಯ ಹೊಂದಿಕೆ.

ಎಷ್ಟು ವೇಗ?

ಇನ್ನು ವೇಗದ ಮಾತು. ಪಂಖಕ್ಕೆ ಬರುವ ತಂತಿ ಮೂರಿದ್ದರೆ, ಒಂದರಲ್ಲಿ ವಿದ್ಯುತ್ತು, ಇನ್ನೊಂದು ಅದು ಮರಳುವ ದಾರಿ, ಮೂರನೆಯದು ಪಂಖ ಎಷ್ಟು ಸುತ್ತುತ್ತಿದೆ ಎಂದು ವರದಿ ಒಪ್ಪಿಸುವ ತಂತಿ. ಒಂದು ಸುತ್ತಿಗೆ ಎರಡು ಮಿಡಿತ. ನಿಮಿಷಕ್ಕೆ 1200 ಸುತ್ತುವ ಪಂಖ ಸೆಕೆಂಡಿಗೆ 40 ಮಿಡಿತ ಕಳಿಸುತ್ತದೆ. ಇಂಥ ಪಂಖದ ವೇಗ ತಗ್ಗಿಸಲು 12 ವೋಲ್ಟನ್ನು ಇಳಿಸಬೇಕು. ತಂತಿ ನಾಲ್ಕಿದ್ದರೆ ನಾಲ್ಕನೆಯದು ಅಪ್ಪಣೆಯ ತಂತಿ. ವೋಲ್ಟೇಜು ಹಾಗೇ ಇದ್ದು, ಸೆಕೆಂಡಿಗೆ ಸುಮಾರು 25,000 ಸಲ ಹಚ್ಚು-ಆರಿಸು ಎಂಬ ಸಂಜ್ಞೆ ಬರುತ್ತದೆ. ಹಚ್ಚಿದ ಹೊತ್ತು ಹೆಚ್ಚಿದ್ದರೆ ವೇಗ ಹೆಚ್ಚು, ಆರಿಸಿದ ಹೊತ್ತು ಹೆಚ್ಚಿದ್ದರೆ ಕಡಿಮೆ. 25,000 ಏಕೆ? ಮನುಷ್ಯನ ಕಿವಿ ಸುಮಾರು 20,000 ಕಂಪನಗಳ ಆಚೆ ಕೇಳಿಸಿಕೊಳ್ಳಲಾರದು; ಆದ್ದರಿಂದ ಈ ಹಚ್ಚಾಟದ ಸದ್ದು ನಮ್ಮನ್ನು ಕಾಡುವುದಿಲ್ಲ.

ಪಂಖಗಳಿಗೆ ಮೂರು ನಿಯಮಗಳಿವೆ. ವೇಗ ಇಮ್ಮಡಿಯಾದರೆ ಗಾಳಿ ಇಮ್ಮಡಿ, ಒತ್ತಡ ನಾಲ್ಮಡಿ, ತಿನ್ನುವ ವಿದ್ಯುತ್ತು ಎಂಟ್ಮಡಿ. ಇದನ್ನೇ ತಿರುವಿ ನೋಡಿ. ಅರ್ಧ ವೇಗದಲ್ಲಿ ಓಡುವ ಎರಡು ಪಂಖಗಳು, ಪೂರ್ಣ ವೇಗದ ಒಂದು ಪಂಖದಷ್ಟೇ ಗಾಳಿಯನ್ನು ನಾಲ್ಕನೇ ಒಂದು ಪಾಲು ವಿದ್ಯುತ್ತಿನಲ್ಲಿ ಕೊಡುತ್ತವೆ. ಸದ್ದೂ ಸುಮಾರು 12 ಡೆಸಿಬೆಲ್ ಕಡಿಮೆ. ಓದುವ ಮಕ್ಕಳಿರುವ ಮನೆಗೆ ಇದು ಸಣ್ಣ ಲಾಭವಲ್ಲ. ಆದರೆ ಅರ್ಧ ವೇಗದಲ್ಲಿ ಒತ್ತಡ ಕಾಲು ಭಾಗಕ್ಕೆ ಇಳಿಯುವುದರಿಂದ, ಧೂಳು ಕಟ್ಟಿದ ಜಾಲರಿಯನ್ನು ಭೇದಿಸುವ ಶಕ್ತಿ ಪಂಖಕ್ಕೆ ಇರುವುದಿಲ್ಲ. ನಿಧಾನದ ಪಂಖಕ್ಕೆ ಶುಚಿಯಾದ ಜಾಲರಿ ಬೇಕೇ ಬೇಕು.

ಗಣಕ ಹೊತ್ತುವಾಗ ತೆರೆಯಬಹುದಾದ ಬಯೋಸ್ ಎಂಬ ವ್ಯವಸ್ಥೆಯಲ್ಲಿ, ಯಾವ ಉಷ್ಣತೆಗೆ ಪಂಖ ಎಷ್ಟು ಓಡಬೇಕೆಂದು ಗೆರೆ ಎಳೆಯಲು ಬಹುಪಾಲು ಯಂತ್ರಗಳಲ್ಲಿ ಅವಕಾಶವಿದೆ. ಉದಾಹರಣೆಗೆ 45 ಡಿಗ್ರಿಯವರೆಗೆ ಶೇ. 35, 60 ಡಿಗ್ರಿಗೆ ಶೇ. 60, 80ಕ್ಕೆ ಪೂರ್ಣ. ಇದು ನಮ್ಮ ರೈತರು ಚಾಕಿಯಿಂದ ಐದನೇ ಹಂತದವರೆಗೆ ಕಿಟಕಿ ತೆರೆಯುವ ಕ್ರಮವೇ. ಉಷ್ಣತೆ ಒಂದು ಕ್ಷಣ ಏರಿದ್ದಕ್ಕೆಲ್ಲ ಪಂಖ ಏರುದನಿ ಎತ್ತದಂತೆ, ಬದಲಾವಣೆಗೆ ಕೆಲವು ಸೆಕೆಂಡುಗಳ ತಡವನ್ನೂ ಕೊಡಬಹುದು. ಮೋಡ ಕವಿದ ಕೂಡಲೆ ಕಿಟಕಿ ಬಡಿಯುವ ರೈತ ಯಾರಿದ್ದಾರೆ?

ಮನೆಯಲ್ಲಿ ಮಾಡಬಹುದಾದದ್ದು

ತಂದೆತಾಯಿ ಹೊಸ ಪಂಖಕ್ಕೆ ಹಣ ಕೊಡುವ ಮುನ್ನ ಮಕ್ಕಳೊಡನೆ ಕುಳಿತು ಈ ಕೆಲವು ಪರೀಕ್ಷೆ ಮಾಡಲಿ. ಗಣಕ ಓಡುತ್ತಿರುವಾಗ ಒಂದು ರೇಷ್ಮೆ ಎಳೆಯನ್ನು ಬೆರಳಿಗೆ ಸುತ್ತಿ, ಪೆಟ್ಟಿಗೆಯ ಹೊರಗಿನಿಂದಲೇ ಜಾಲರಿಯ ಮುಂದೆ ಹಿಡಿಯಿರಿ. ಎಳೆ ಒಳಕ್ಕೆ ಬಾಗಿದರೆ ಅದು ಬರುವ ದಾರಿ, ಹೊರಕ್ಕೆ ಹಾರಿದರೆ ಹೋಗುವ ದಾರಿ. ಎರಡೂ ಇರಬೇಕು. ಎರಡೂ ಒಳಕ್ಕೇ ಬಾಗಿದರೆ ಒಂದು ಪಂಖವನ್ನು ತಿರುಗಿಸಿ ಕೂರಿಸಬೇಕು. ಸಾಮಾನ್ಯವಾಗಿ ಪಂಖದ ಮೋಟಾರನ್ನು ಹಿಡಿದ ಅಡ್ಡಪಟ್ಟಿಗಳಿರುವ ಕಡೆಗೆ ಗಾಳಿ ಹೊರಬೀಳುತ್ತದೆ.

ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಜಾಲರಿ ಶುಚಿಮಾಡಿ. ಒಳಗಿನ ಧೂಳು ತೆಗೆಯುವಾಗ ವಿದ್ಯುತ್ತಿನ ತಂತಿ ಪೂರ್ತಿ ಕಿತ್ತಿಡಿ, ಮೆತ್ತನೆಯ ಕುಂಚ ಬಳಸಿ, ಪಂಖದ ರೆಕ್ಕೆಯನ್ನು ಬೆರಳಿನಿಂದ ಅಲುಗದಂತೆ ಹಿಡಿದುಕೊಳ್ಳಿ. ವಿದ್ಯುತ್ ಪೂರೈಕೆಯ ಡಬ್ಬಿಯನ್ನು ಮಾತ್ರ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರಬಹುದು. ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದು ಮೇಜಿನ ಪಂಖ ಹಚ್ಚುವ ಉಪಾಯ ಕೆಲವೆಡೆ ಚಾಲ್ತಿಯಲ್ಲಿದೆ. ಒಂದೆರಡು ದಿನಕ್ಕೆ ತಂಪೆನಿಸಿದರೂ ಧೂಳು ನೇರ ಒಳಗೆ ಬೀಳುತ್ತದೆ, ಚಿಕ್ಕ ಮಕ್ಕಳ ಕೈಯೂ ಒಳಗೆ ಹೋಗುತ್ತದೆ. ಹುಳುಮನೆಗೆ ಒದ್ದೆ ಗೋಣಿತಾಟು ಕಟ್ಟಿ ತಂಪು ಮಾಡುವುದುಂಟು. ಅದು ನೀರು ಆವಿಯಾಗುವುದರಿಂದ ಸಿಗುವ ತಂಪು. ಗಣಕದ ಮುಂದೆ ಅದು ಬೇಡ. ಒದ್ದೆಗಾಳಿಯಲ್ಲಿ ಧೂಳು ಮೆತ್ತಿಕೊಳ್ಳುತ್ತದೆ.

ಇಷ್ಟೂ ಮಾಡಿದ ಮೇಲೆ ಯಂತ್ರ ಇನ್ನೂ ಆರಿದರೆ, ಸಂಸ್ಕಾರಕದ ತಲೆಗೂ ಲೋಹಕ್ಕೂ ನಡುವೆ ಹಚ್ಚಿದ ಲೇಪ ಒಣಗಿದೆಯೇ, ಯಾವುದಾದರೂ ಪಂಖ ನಿಂತಿದೆಯೇ ಎಂದು ಬಲ್ಲವರಿಂದ ನೋಡಿಸಿ. ಪಂಖ ಕೊಳ್ಳುವ ಸರದಿ ಅದರ ನಂತರದ್ದು. ಗೂಡು ಮಾರಿದ ಹಣದಲ್ಲಿ ಬಂದ ಯಂತ್ರ ಅದು. ಹುಳುವಿಗೆ ತೋರಿಸುವ ಎಚ್ಚರದಲ್ಲಿ ಕಾಲು ಪಾಲನ್ನು ಅದಕ್ಕೂ ತೋರಿಸಿದರೆ ಮಗಳ ಓದು ಮುಗಿಯುವವರೆಗೂ ಬಾಳಿಕೆ ಬಂದೀತು.